ಥೆಲ್ಮಾ ರಿಟ್ಟರ್: ಕೈಗೆಲಸ ಬಿಡದ ನಟಿ

1947ರಲ್ಲಿ ತೆರೆಕಂಡ 'ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್' ಎಂಬ ಅಮೆರಿಕನ್ ಚಿತ್ರದಲ್ಲಿ ಒಂದು ಪುಟ್ಟ ಸನ್ನಿವೇಶವಿದೆ. ನ್ಯೂಯಾರ್ಕಿನ ಮೇಸೀಸ್ ಎಂಬ ಭಾರಿ ಅಂಗಡಿ, ಕ್ರಿಸ್‌ಮಸ್ ವ್ಯಾಪಾರದ ಭರಾಟೆ. ಸಾಂತಾ ಕ್ಲಾಸ್ ವೇಷದ ಮುದುಕನ ಮುಂದೆ ಮಕ್ಕಳ ಸಾಲು. ಒಬ್ಬ ಹುಡುಗ ತನಗೆ ಬೆಂಕಿ ಆರಿಸುವ ಗಾಡಿಯ ಆಟಿಕೆ ಬೇಕು ಅನ್ನುತ್ತಾನೆ. ಮುದುಕ ಹಿಂದೆ ಮುಂದೆ ನೋಡದೆ ಮಾತು ಕೊಟ್ಟುಬಿಡುತ್ತಾನೆ. ತಾಯಿ ಮಗನನ್ನು ಪಕ್ಕಕ್ಕೆ ಕಳಿಸಿ ಮುದುಕನ ಮೇಲೆ ಹರಿಹಾಯುತ್ತಾಳೆ. ಆ ಆಟಿಕೆ ಊರಲ್ಲೇ ಎಲ್ಲೂ ಇಲ್ಲ, ತಿರುಗಿ ತಿರುಗಿ ಕಾಲು ಸೋತಿದೆ, ನೀನು ನೋಡಿದರೆ ಮಗುವಿಗೆ ಆಸೆ ಹುಟ್ಟಿಸುತ್ತೀಯಲ್ಲ ಎಂಬುದು ಅವಳ ಸಿಟ್ಟು. ಅದಕ್ಕೆ ಮುದುಕ, ಇಂಥ ಅಂಗಡಿಗೆ ಹೋಗು, ಅಲ್ಲಿ ಸಿಗುತ್ತದೆ ಎಂದು ಬೇರೊಂದು ಅಂಗಡಿಯ ದಾರಿ ತೋರಿಸುತ್ತಾನೆ. ಎದುರಾಳಿಯ ಅಂಗಡಿಗೆ ಗಿರಾಕಿಯನ್ನು ಕಳಿಸುವ ಅಂಗಡಿಯೂ ಉಂಟೇ? ಆ ಹೆಂಗಸಿನ ಮುಖದಲ್ಲಿ ಸಿಟ್ಟು ಇಳಿದು ಅನುಮಾನ, ಅನುಮಾನ ಕರಗಿ ಬೆರಗು ಮೂಡುವುದನ್ನು ನಾವು ನೋಡುತ್ತೇವೆ.

ಆ ಪಾತ್ರಕ್ಕೆ ಹೆಸರಿಲ್ಲ. ಚಿತ್ರದ ನಟವರ್ಗದ ಪಟ್ಟಿಯಲ್ಲಿ ನಟಿಯ ಹೆಸರೂ ಇಲ್ಲ. ಆಕೆ ಥೆಲ್ಮಾ ರಿಟ್ಟರ್. ಆಗ ಆಕೆಗೆ 45 ವರ್ಷ, ಅದು ಮೊದಲ ಚಿತ್ರ. ಮುಂದಿನ ಹದಿನೈದು ವರ್ಷಗಳಲ್ಲಿ ಆಕೆ ಆರು ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡಳು.

ಹಳೆಯ ಹಾಲಿವುಡ್ ನೋಡಲು ಹೊರಟವರು ಸಹಜವಾಗಿಯೇ ತಾರೆಯರಿಂದ ಶುರುಮಾಡುತ್ತಾರೆ. ಹಂಫ್ರಿ ಬೋಗಾರ್ಟ್, ಮರಿಲಿನ್ ಮನ್ರೋ, ಕ್ಯಾರಿ ಗ್ರಾಂಟ್. ಅದು ತಪ್ಪಲ್ಲ. ಆದರೆ ನಾನು ಹೊಸಬರಿಗೆ ಚಿತ್ರ ತೋರಿಸುವಾಗ, ತಾರೆಯ ಪಕ್ಕದಲ್ಲಿ ನಿಂತವರನ್ನೂ ಸ್ವಲ್ಪ ಹೊತ್ತು ನೋಡಿ ಎನ್ನುತ್ತೇನೆ. ಬಾಗಿಲು ತೆರೆಯುವವರು, ಕಾಫಿ ತಂದಿಡುವವರು, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿರುವವರು. ಆ ಕಾಲದ ಚಿತ್ರಗಳ ಜೀವ ಎಷ್ಟೋ ಸಲ ಇರುವುದು ಇವರಲ್ಲಿ. ಈ ಪೋಷಕ ಕಲಾವಿದರ ಲೋಕಕ್ಕೆ ಕಾಲಿಡಲು ಥೆಲ್ಮಾ ರಿಟ್ಟರ್‌ಗಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಹುಟ್ಟಿದ್ದು 1902ರ ಫೆಬ್ರವರಿ 14ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬ್ರೂಕ್ಲಿನ್ ಆಗ ದುಡಿಯುವ ಜನರ ಊರು. ಹಡಗುಕಟ್ಟೆ, ಕಾರ್ಖಾನೆ, ಯುರೋಪಿನಿಂದ ವಲಸೆ ಬಂದವರ ಬೀದಿಗಳು. ಅಲ್ಲಿನ ಇಂಗ್ಲಿಷಿಗೆ ತನ್ನದೇ ಆದ ಒರಟು ರಾಗವಿದೆ. ಥೆಲ್ಮಾ ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್ ಸೇರಿ ನಟನೆಯನ್ನು ಕ್ರಮವಾಗಿ ಕಲಿತವಳು. ಆದರೂ ಆ ಊರಿನ ರಾಗವನ್ನು ನಾಲಿಗೆಯಿಂದ ಒರೆಸಿಹಾಕಲಿಲ್ಲ. ಮುಂದೆ ಅದೇ ಆಕೆಯ ಆಸ್ತಿಯಾಯಿತು.

ನಾಟಕ ಕಂಪನಿಗಳಲ್ಲಿ ಪಾತ್ರ ಮಾಡುತ್ತ 1927ರಲ್ಲಿ ಜೋಸೆಫ್ ಮೊರಾನ್ ಎಂಬ ನಟನನ್ನು ಮದುವೆಯಾದಳು. ಎರಡೇ ವರ್ಷಕ್ಕೆ ಷೇರುಪೇಟೆ ಕುಸಿದು ದೇಶವೇ ಬಡತನಕ್ಕೆ ಬಿತ್ತು. ರಂಗಭೂಮಿಯನ್ನು ನಂಬಿ ಇಬ್ಬರು ಬದುಕುವುದು ಕಷ್ಟವಾಯಿತು. ಗಂಡ ನಟನೆ ಬಿಟ್ಟು ಕಡೆಗೆ ಜಾಹೀರಾತಿನ ಉದ್ಯೋಗ ಹಿಡಿದ. ಎರಡು ಮಕ್ಕಳಾದವು. ಥೆಲ್ಮಾ ರಂಗದಿಂದ ದೂರವಾಗಿ ಮನೆ ನೋಡಿಕೊಂಡಳು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, 1940ರ ದಶಕದಲ್ಲಿ, ರೇಡಿಯೋ ನಾಟಕಗಳಿಗೆ ದನಿ ಕೊಡತೊಡಗಿದಳು. ಈ ವರ್ಷಗಳ ಬಗ್ಗೆ ಜೀವನಚರಿತ್ರೆಗಳು ಒಂದೆರಡು ಸಾಲು ಬರೆದು ಮುಂದಕ್ಕೆ ಹೋಗುತ್ತವೆ. ನನಗೆ ಮಾತ್ರ ಇವು ಬಹಳ ಮುಖ್ಯವಾಗಿ ಕಾಣುತ್ತವೆ. ಮೈಕಿನ ಮುಂದೆ ನಿಂತ ನಟಿಗೆ ಮುಖವಿಲ್ಲ, ಕೈಯಿಲ್ಲ. ಇಡೀ ಮನುಷ್ಯಳನ್ನು ಗಂಟಲಿನಿಂದಲೇ ಕಟ್ಟಿಕೊಡಬೇಕು. ಮುಂದೆ ಆಕೆ ತೆರೆಯ ಮೇಲೆ ಬಂದಾಗ ಒಂದು ಸಾಲು ಮಾತಿನಲ್ಲಿ ಒಂದು ಬದುಕನ್ನು ಹೇಳಬಲ್ಲವಳಾಗಿದ್ದಳು.

ಮೇಸೀಸ್ ಅಂಗಡಿಯ ಆ ಪಾತ್ರ ಸಿಕ್ಕಿದ್ದು ಪರಿಚಯದ ಮೂಲಕ. ನಿರ್ದೇಶಕ ಜಾರ್ಜ್ ಸೀಟನ್ ಆಕೆಯ ಸ್ನೇಹಿತ. ಚಿತ್ರ ತಯಾರಿಸಿದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ಮುಖ್ಯಸ್ಥ ಡ್ಯಾರಿಲ್ ಜಾನಕ್ ಆ ತುಣುಕನ್ನು ನೋಡಿ ಮೆಚ್ಚಿ, ಆಕೆಯ ಪಾತ್ರವನ್ನು ಇನ್ನಷ್ಟು ಬೆಳೆಸಿ ಎಂದನಂತೆ. ಸ್ಟುಡಿಯೋ ಆಕೆಯ ಜೊತೆ ಒಪ್ಪಂದ ಮಾಡಿಕೊಂಡಿತು.

ಇಲ್ಲಿ ಸ್ವಲ್ಪ ನಿಂತು ಸ್ಟುಡಿಯೋ ಪದ್ಧತಿ ಅಂದರೇನು ಎಂದು ತಿಳಿದುಕೊಳ್ಳೋಣ. ಅದು ಗೊತ್ತಿಲ್ಲದಿದ್ದರೆ ಇಂಥ ನಟಿಯರು ಬದುಕಿದ ರೀತಿ ಅರ್ಥವಾಗುವುದಿಲ್ಲ. ಆಗಿನ ಹಾಲಿವುಡ್‌ನಲ್ಲಿ ನಟ, ನಿರ್ದೇಶಕ, ಬರಹಗಾರ, ಹೊಲಿಗೆಯವರು, ಬಡಗಿಗಳು ಎಲ್ಲರೂ ಒಂದಲ್ಲ ಒಂದು ದೊಡ್ಡ ಸ್ಟುಡಿಯೋದ ಸಂಬಳಗಾರರು. ನಟರ ಒಪ್ಪಂದ ಸಾಮಾನ್ಯವಾಗಿ ಏಳು ವರ್ಷದ್ದು. ಸ್ಟುಡಿಯೋ ಹೇಳಿದ ಪಾತ್ರ ಮಾಡಬೇಕು, ಬೇರೆ ಸ್ಟುಡಿಯೋ ಕೇಳಿದರೆ ಎರವಲು ಹೋಗಬೇಕು. ಇದರಲ್ಲಿ ಅನ್ಯಾಯ ಬೇಕಾದಷ್ಟಿತ್ತು. ಆದರೆ ಪೋಷಕ ಕಲಾವಿದರಿಗೆ ಒಂದು ಲಾಭವೂ ಇತ್ತು: ವರ್ಷಕ್ಕೆ ಹತ್ತಾರು ಚಿತ್ರ ತೆಗೆಯುವ ಕಾರ್ಖಾನೆಗೆ ನರ್ಸು, ಟ್ಯಾಕ್ಸಿ ಚಾಲಕ, ಮನೆಗೆಲಸದಾಕೆ, ಹೋಟೆಲ್ ಗುಮಾಸ್ತ ಸದಾ ಬೇಕು. ಹಾಗಾಗಿ ಕೆಲಸ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾವ ನಟಿಗೆ ಯಾವ ಮಾತು ಒಗ್ಗುತ್ತದೆ ಎಂಬುದು ಅಲ್ಲಿನ ಬರಹಗಾರರಿಗೆ ತಿಳಿದಿರುತ್ತಿತ್ತು.

ಜೋಸೆಫ್ ಮ್ಯಾಂಕಿವಿಚ್ ಅಂಥ ಬರಹಗಾರ, ನಿರ್ದೇಶಕ. 1949ರ 'ಎ ಲೆಟರ್ ಟು ತ್ರೀ ವೈವ್ಸ್'ನಲ್ಲಿ ಆತ ಥೆಲ್ಮಾಳಿಗೆ ಸೇಡಿ ಎಂಬ ಮನೆಗೆಲಸದಾಕೆಯ ಪಾತ್ರ ಕೊಟ್ಟ. ಅದರಲ್ಲೂ ಪಟ್ಟಿಯಲ್ಲಿ ಹೆಸರಿಲ್ಲ. ಮರುವರ್ಷ ಆತನೇ ಬರೆದು ನಿರ್ದೇಶಿಸಿದ 'ಆಲ್ ಅಬೌಟ್ ಈವ್'ನಲ್ಲಿ ಬರ್ಡಿ ಎಂಬ ಪಾತ್ರ ಬಂತು. ಆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು ಎನ್ನುತ್ತಾರೆ. ನೋಡಿದರೆ ನಂಬಬೇಕು ಅನ್ನಿಸುತ್ತದೆ.

ಚಿತ್ರ ರಂಗಭೂಮಿಯವರ ಕತೆ. ಮಾರ್ಗೋ ಎಂಬ ದೊಡ್ಡ ನಟಿಯಾಗಿ ಬೆಟ್ಟಿ ಡೇವಿಸ್. ಆಕೆಯ ಬಟ್ಟೆಬರೆ, ಊಟ, ತಲೆನೋವು ಎಲ್ಲವನ್ನೂ ನೋಡಿಕೊಳ್ಳುವವಳು ಬರ್ಡಿ. ಒಂದು ರಾತ್ರಿ ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಈವ್ ಎಂಬ ಹುಡುಗಿ ಬಂದು ತನ್ನ ದುಃಖದ ಕತೆ ಹೇಳುತ್ತಾಳೆ. ಬಡತನ, ಯುದ್ಧದಲ್ಲಿ ಸತ್ತ ಗಂಡ, ರಂಗಭೂಮಿಯ ಮೇಲಿನ ಪ್ರೀತಿ. ಕೋಣೆಯಲ್ಲಿದ್ದ ವಿದ್ಯಾವಂತರೆಲ್ಲ ಕರಗಿಹೋಗುತ್ತಾರೆ. ಬರ್ಡಿ ಮಾತ್ರ, ಈ ಕತೆಯಲ್ಲಿ ಬೆನ್ನಟ್ಟುವ ಬೇಟೆನಾಯಿ ಒಂದು ಕಡಿಮೆಯಾಯಿತು ಎನ್ನುವಂಥ ಒಂದು ಮಾತು ಒಗೆಯುತ್ತಾಳೆ. ಮಾರ್ಗೋ ಗದರುತ್ತಾಳೆ. ಬರ್ಡಿ ಕ್ಷಮೆಯನ್ನೂ ಕೇಳುತ್ತಾಳೆ. ಆದರೆ ಆ ಹುಡುಗಿಯ ಕತೆ ಕಟ್ಟುಕತೆ ಎಂಬುದು ಗೊತ್ತಾಗುವುದು ಚಿತ್ರದ ಕೊನೆಯ ಭಾಗದಲ್ಲಿ. ಎರಡು ಗಂಟೆಗೂ ಹೆಚ್ಚಿನ ಚಿತ್ರದಲ್ಲಿ ಬೇರೆಲ್ಲರೂ ಕಷ್ಟಪಟ್ಟು ಕಂಡುಕೊಳ್ಳುವ ಸತ್ಯವನ್ನು ಬರ್ಡಿ ಮೊದಲ ಭೇಟಿಯಲ್ಲೇ ವಾಸನೆ ಹಿಡಿದಿರುತ್ತಾಳೆ. ಒಂದು ಕಾಲದಲ್ಲಿ ಅಗ್ಗದ ಮನರಂಜನೆಯ ರಂಗಮಂದಿರಗಳಲ್ಲಿ ದುಡಿದವಳು ಬರ್ಡಿ. ವೇಷ ಯಾವುದು, ಮುಖ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿತ್ರದ ಅರ್ಧದ ಹೊತ್ತಿಗೆ ಬರ್ಡಿ ಕಾಣೆಯಾಗುತ್ತಾಳೆ, ಮತ್ತೆ ಬರುವುದೇ ಇಲ್ಲ. ಎಷ್ಟು ಸಲ ನೋಡಿದರೂ ನನಗೆ ಈ ಕೊರತೆ ಕಾಡುತ್ತದೆ. ಅಷ್ಟು ದೊಡ್ಡ ಚಿತ್ರಕಥೆಗೆ ಅವಳನ್ನು ಕೊನೆತನಕ ಉಳಿಸಿಕೊಳ್ಳುವುದು ಆಗಬಾರದಿತ್ತೇ?

ಈಗ ಆಕೆಯ ನಟನೆಯನ್ನು ನೋಡುವ ಬಗೆಯನ್ನು ಹೇಳುತ್ತೇನೆ. ಮುಖವನ್ನು ಬಿಟ್ಟು ಕೈಗಳನ್ನು ನೋಡಿ. ಥೆಲ್ಮಾ ರಿಟ್ಟರ್ ತೆರೆಯ ಮೇಲೆ ಸುಮ್ಮನೆ ನಿಂತು ಮಾತಾಡುವುದು ಅಪರೂಪ. ಏನಾದರೊಂದು ಕೆಲಸ ನಡೆದೇ ಇರುತ್ತದೆ. ಆ ಕೆಲಸ ನಟನೆಗಾಗಿ ಮಾಡುತ್ತಿರುವಂತೆ ಕಾಣುವುದಿಲ್ಲ. ಮೂವತ್ತು ವರ್ಷ ಮಾಡಿ ಕೈಗೆ ಅಂಟಿದ ಕೆಲಸದಂತೆ, ಕಣ್ಣು ಹಾಯಿಸದೆ ಮುಗಿದುಹೋಗುತ್ತದೆ. ಮಾತು ಆ ಕೆಲಸದ ಸಂದಿಯಲ್ಲಿ ಬರುತ್ತದೆ. ಅದಕ್ಕೇ ಆಕೆಯ ಬುದ್ಧಿಮಾತು ಉಪದೇಶವಾಗಿ ಕೇಳುವುದಿಲ್ಲ. ದುಡಿಯುವ ಹೆಂಗಸಿಗೆ ಎದುರಿನವನ ಅಂತಸ್ತನ್ನು ನೋಡುತ್ತ ಕೂರಲು ಪುರುಸೊತ್ತಿಲ್ಲ, ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ. ಬ್ರೂಕ್ಲಿನ್‌ನ ಈ ನಟಿ ಅಮೆರಿಕನ್ ಚಿತ್ರರಂಗಕ್ಕೆ ತಂದುಕೊಟ್ಟದ್ದು ಇದನ್ನು: ಕೂಲಿಗೆ ದುಡಿಯುವವಳಿಗೂ ಒಂದು ತಿಳಿವಳಿಕೆ ಇದೆ, ಆ ತಿಳಿವಳಿಕೆ ದುಡಿಮೆಯಿಂದಲೇ ಬಂದದ್ದು.

ಆಲ್ಫ್ರೆಡ್ ಹಿಚ್‌ಕಾಕ್‌ನ 'ರಿಯರ್ ವಿಂಡೋ' (1954) ಇದನ್ನು ಗಮನಿಸಲು ಹೇಳಿಮಾಡಿಸಿದ ಚಿತ್ರ. ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕೂತ ಛಾಯಾಗ್ರಾಹಕ ಜೆಫ್ ಪಾತ್ರದಲ್ಲಿ ಜೇಮ್ಸ್ ಸ್ಟುವರ್ಟ್. ಹೊತ್ತು ಹೋಗದೆ ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತ ಕೂರುತ್ತಾನೆ. ಅಲ್ಲೊಂದು ಕೊಲೆ ನಡೆದಿದೆ ಎಂಬ ಗುಮಾನಿ ಹುಟ್ಟುತ್ತದೆ. ಅವನ ಆರೈಕೆಗೆ ವಿಮಾ ಕಂಪನಿ ಕಳಿಸಿದ ನರ್ಸ್ ಸ್ಟೆಲ್ಲಾ ಆಗಿ ಥೆಲ್ಮಾ. ಒಳಗೆ ಬರುತ್ತಲೇ, ಕದ್ದು ನೋಡಿದರೆ ಜೈಲು ಗೊತ್ತಾ ಎಂದು ಗದರಿಸುತ್ತಾಳೆ. ಅವನ ಬಾಯಿಗೆ ಥರ್ಮಾಮೀಟರ್ ತುರುಕುತ್ತಾಳೆ. ಈಗ ಅವನು ಮಾತಾಡುವಂತಿಲ್ಲ, ಇವಳು ನಿಲ್ಲಿಸುವುದಿಲ್ಲ. ಬೆನ್ನು ತಿಕ್ಕುತ್ತ, ನಿನ್ನನ್ನು ಪ್ರೀತಿಸುವ ಅಂಥ ಚೆಂದದ ಹುಡುಗಿಯನ್ನು ಯಾಕೆ ಮದುವೆಯಾಗುವುದಿಲ್ಲ ಎಂದು ವಿಚಾರಣೆ ನಡೆಸುತ್ತಾಳೆ. 1929ರ ಷೇರುಪೇಟೆ ಕುಸಿತವನ್ನು ತಾನು ಮೊದಲೇ ಊಹಿಸಿದ್ದೆ ಎಂಬ ಕತೆ ಬರುವುದೂ ಇಲ್ಲಿಯೇ. ಒಂದು ದೊಡ್ಡ ಮೋಟಾರು ಕಂಪನಿಯ ನಿರ್ದೇಶಕನ ಶುಶ್ರೂಷೆ ಮಾಡುತ್ತಿದ್ದಾಗ ಅವನ ಕಾಯಿಲೆಯಿಂದಲೇ ದೇಶದ ಕಾಯಿಲೆಯನ್ನು ಅಂದಾಜು ಮಾಡಿದಳಂತೆ. ತಮಾಷೆಯ ಮಾತು ನಿಜ. ಆದರೆ ಹೇಳುವ ರೀತಿಯಲ್ಲಿ ಎಳ್ಳಷ್ಟೂ ತಮಾಷೆಯಿಲ್ಲ. ಅವಳಿಗೆ ಅದು ವೃತ್ತಿಯ ಅನುಭವ.

ಸ್ವಲ್ಪ ಮುಂದೆ ಬೆಳಗಿನ ತಿಂಡಿಯ ದೃಶ್ಯವಿದೆ. ಸ್ಟೆಲ್ಲಾ ತಟ್ಟೆ ತಂದಿಟ್ಟಿದ್ದಾಳೆ. ಜೆಫ್ ಹಸಿದು ಮೊಟ್ಟೆ, ಹಂದಿಮಾಂಸಕ್ಕೆ ಕೈಹಾಕುತ್ತಾನೆ. ಅಷ್ಟರಲ್ಲಿ ಸ್ಟೆಲ್ಲಾ, ಕೊಲೆಗಾರ ಹೆಣವನ್ನು ಮನೆಯ ಯಾವ ಜಾಗದಲ್ಲಿ ಕತ್ತರಿಸಿರಬಹುದು ಎಂದು ಗಟ್ಟಿಯಾಗಿ ಯೋಚಿಸುತ್ತಾಳೆ. ರಕ್ತ ತೊಳೆಯಲು ಅನುಕೂಲವಾದ ಜಾಗವನ್ನೂ ಗುರುತಿಸುತ್ತಾಳೆ. ಅವನ ಕೈಯಲ್ಲಿನ ಮುಳ್ಳುಚಮಚ ಬಾಯಿಯ ಹತ್ತಿರ ಬಂದು ನಿಲ್ಲುತ್ತದೆ. ನರ್ಸಿಗೆ ದೇಹ, ರಕ್ತ ದಿನನಿತ್ಯದ ವಿಷಯ. ಅದು ಊಟಕ್ಕೆ ಅಡ್ಡಿಯಾಗಬಹುದು ಎಂಬುದೇ ಅವಳಿಗೆ ಹೊಳೆಯುವುದಿಲ್ಲ. ಕದ್ದು ನೋಡಬೇಡ ಎಂದಿದ್ದ ಸ್ಟೆಲ್ಲಾ ಆ ಹೊತ್ತಿಗೆ ತಾನೇ ಕಿಟಕಿಗೆ ಅಂಟಿಕೊಂಡಿದ್ದಾಳೆ. ಕಡೆಗೆ ಗುದ್ದಲಿ ಹಿಡಿದು ಎದುರಿನ ಅಂಗಳದ ಹೂಪಾತಿಯನ್ನು ಅಗೆಯಲೂ ಹೊರಡುತ್ತಾಳೆ.

ಆಕೆಯ ಅತ್ಯುತ್ತಮ ಅಭಿನಯ ಮಾತ್ರ ಇದಕ್ಕಿಂತ ಒಂದು ವರ್ಷ ಹಿಂದಿನದು. 1953ರ 'ಪಿಕಪ್ ಆನ್ ಸೌತ್ ಸ್ಟ್ರೀಟ್', ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್. ಎಂಬತ್ತು ನಿಮಿಷದ ಬಿರುಸಾದ ಚಿತ್ರ. ರಿಚರ್ಡ್ ವಿಡ್‌ಮಾರ್ಕ್ ಎಂಬ ನಟ ಸ್ಕಿಪ್ ಎಂಬ ಜೇಬುಗಳ್ಳ. ಸುರಂಗ ರೈಲಿನಲ್ಲಿ ಒಬ್ಬ ಹುಡುಗಿಯ ಪರ್ಸು ಎಗರಿಸುತ್ತಾನೆ. ಅದರಲ್ಲಿ ಕಮ್ಯುನಿಸ್ಟ್ ಗೂಢಚಾರರ ಕೈಸೇರಬೇಕಿದ್ದ ಸರ್ಕಾರಿ ರಹಸ್ಯದ ಫಿಲ್ಮ್ ಇರುತ್ತದೆ. ಅಮೆರಿಕ ಆಗ ಕಮ್ಯುನಿಸಮ್ಮಿನ ಭಯದಲ್ಲಿ ಮುಳುಗಿದ್ದ ಕಾಲ. ಅದು ಚಿತ್ರದ ಉದ್ದಕ್ಕೂ ಇದೆ.

ಥೆಲ್ಮಾಳ ಪಾತ್ರ ಮೋ ಎಂಬ ವಯಸ್ಸಾದ ಹೆಂಗಸು. ಬೀದಿಯಲ್ಲಿ ಟೈ ಮಾರುತ್ತಾಳೆ. ಅದು ನೆಪ, ನಿಜವಾದ ಹೊಟ್ಟೆಪಾಡು ಕಳ್ಳರ ಸುಳಿವನ್ನು ಪೊಲೀಸರಿಗೆ ಮಾರುವುದು. ಠಾಣೆಯಲ್ಲಿ ಕೂತು ಅಧಿಕಾರಿಯ ಜೊತೆ ಚೌಕಾಸಿ ಮಾಡುತ್ತಾಳೆ, ಜೀವನ ದುಬಾರಿಯಾಗಿದೆ, ಹಳೆಯ ದರ ಸಾಲದು ಎನ್ನುತ್ತಾಳೆ. ಕಳ್ಳ ಪರ್ಸಿಗೆ ಕೈಹಾಕಿದ ಬಗೆಯನ್ನು ಕೇಳಿಯೇ ಇದು ಯಾರ ಕೈ ಎಂದು ಹೇಳಬಲ್ಲವಳು. ಹಣವೆಲ್ಲ ಒಂದೇ ಉದ್ದೇಶಕ್ಕೆ: ಒಳ್ಳೆಯ ಜಾಗದಲ್ಲಿ ಒಂದು ಗೋರಿ. ಅನಾಥ ಹೆಣಗಳನ್ನು ಹೂಳುವ ಸರ್ಕಾರಿ ಸ್ಮಶಾನಕ್ಕೆ ತನ್ನ ದೇಹ ಹೋಗಬಾರದು ಎಂಬ ಹಟ ಅವಳಿಗೆ. ಸ್ಕಿಪ್‌ನ ವಿಳಾಸವನ್ನು ಅವಳೇ ಮಾರಿದ್ದು. ಗೊತ್ತಾದರೂ ಅವನಿಗೆ ಕೋಪವಿಲ್ಲ. ಅವಳೂ ಬದುಕಬೇಕಲ್ಲ ಎಂಬ ಭಾವ. ಬೀದಿಯ ಧರ್ಮ ಅದು.

ಒಂದು ರಾತ್ರಿ ಮೋ ಟೈಗಳ ಪೆಟ್ಟಿಗೆ ಹೊತ್ತು ಸೋತು ಮನೆಗೆ ಬರುತ್ತಾಳೆ. ಒಂದೇ ಕೋಣೆಯ ಮನೆ. ಗ್ರಾಮಫೋನಿನಲ್ಲಿ ಒಂದು ಹಾಡು ಹಚ್ಚಿ ಹಾಸಿಗೆಗೆ ಒರಗುತ್ತಾಳೆ. ಆಗ ಕೋಣೆಯಲ್ಲಿ ಇನ್ನೊಬ್ಬನಿರುವುದು ಕಾಣುತ್ತದೆ. ಗೂಢಚಾರರ ಕಡೆಯವನು, ಕೈಯಲ್ಲಿ ಪಿಸ್ತೂಲು. ಸ್ಕಿಪ್‌ನ ವಿಳಾಸ ಕೇಳುತ್ತಾನೆ, ದುಡ್ಡೂ ಕೊಡುತ್ತೇನೆ ಎನ್ನುತ್ತಾನೆ. ಬದುಕಿನುದ್ದಕ್ಕೂ ಸುಳಿವು ಮಾರಿದವಳು ಇವತ್ತು ಮಾರುವುದಿಲ್ಲ. ಮಾರದಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತು. ಅಂಗಲಾಚುವುದಿಲ್ಲ, ವೀರಾವೇಶವೂ ಇಲ್ಲ. ತನಗೆ ಎಷ್ಟು ದಣಿವಾಗಿದೆ ಎಂಬುದನ್ನು ಮೆಲ್ಲಗೆ, ಲೆಕ್ಕ ಒಪ್ಪಿಸಿದ ಹಾಗೆ ಹೇಳುತ್ತಾ ಹೋಗುತ್ತಾಳೆ. ಕ್ಯಾಮೆರಾ ಅವಳಿಂದ ಸರಿದು ಗ್ರಾಮಫೋನಿನ ಕಡೆಗೆ ತಿರುಗುತ್ತದೆ. ಗುಂಡಿನ ಸದ್ದು ಕೇಳುತ್ತದೆ.

ಕೈಗಳನ್ನು ನೋಡಿ ಎಂದು ಹೇಳಿದ್ದೆನಲ್ಲ, ಈ ದೃಶ್ಯದಲ್ಲಿ ಆ ಕೈಗಳಿಗೆ ಕೆಲಸವಿಲ್ಲ. ಉಳಿದ ಚಿತ್ರಗಳಲ್ಲಿ ಅವು ದುಡಿಯುವುದನ್ನು ನೋಡಿದವರಿಗೆ ಇಲ್ಲಿನ ನಿಶ್ಚಲತೆ ಎದೆಗೆ ತಾಕುತ್ತದೆ. ಕತೆಯನ್ನು ಮೊದಲೇ ಹೇಳಿಬಿಟ್ಟೆ ಎಂದು ಬೇಸರಪಡಬೇಡಿ. ಏನಾಗುತ್ತದೆ ಎಂದು ತಿಳಿದು ನೋಡಿದರೂ ಈ ದೃಶ್ಯದ ಬಿಗಿ ಒಂದಿಷ್ಟೂ ಸಡಿಲವಾಗುವುದಿಲ್ಲ. ಮೋಳ ಹೆಣ ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ನೀವೇ ನೋಡಿ ತಿಳಿಯಿರಿ.

ಇನ್ನು ಪ್ರಶಸ್ತಿಯ ಮಾತು. ಪೋಷಕ ನಟನಟಿಯರಿಗೆ ಆಸ್ಕರ್ ಕೊಡುವ ಪದ್ಧತಿ ಶುರುವಾದದ್ದು 1936ರ ಚಿತ್ರಗಳಿಂದ. ಮೊದಲ ಕೆಲವು ವರ್ಷ ಅವರಿಗೆ ಪ್ರತಿಮೆಯೂ ಇಲ್ಲ, ಫಲಕ ಮಾತ್ರ. ಥೆಲ್ಮಾ 1950ರಿಂದ 1953ರವರೆಗೆ ಸತತ ನಾಲ್ಕು ವರ್ಷ ನಾಮನಿರ್ದೇಶನ ಪಡೆದಳು: 'ಆಲ್ ಅಬೌಟ್ ಈವ್', 'ದ ಮೇಟಿಂಗ್ ಸೀಸನ್', 'ವಿತ್ ಎ ಸಾಂಗ್ ಇನ್ ಮೈ ಹಾರ್ಟ್', 'ಪಿಕಪ್ ಆನ್ ಸೌತ್ ಸ್ಟ್ರೀಟ್'. ಆಮೇಲೆ 1959ರ 'ಪಿಲ್ಲೋ ಟಾಕ್', 1962ರ 'ಬರ್ಡ್‌ಮನ್ ಆಫ್ ಆಲ್ಕಟ್ರಾಜ್'. ಪೋಷಕ ನಟಿಯ ವಿಭಾಗದಲ್ಲಿ ಇಷ್ಟು ಸಲ ಹೆಸರು ಬಂದವರು ಬೇರೆ ಯಾರೂ ಇಲ್ಲ. ಆರು ಸಲವೂ ಪ್ರಶಸ್ತಿ ಬೇರೆಯವರ ಪಾಲಾಯಿತು. ಮೊದಲ ಸಲವಂತೂ ಅದೇ ಚಿತ್ರದ ಸೆಲೆಸ್ಟ್ ಹೋಮ್ ಕೂಡ ಅದೇ ವಿಭಾಗದಲ್ಲಿದ್ದಳು. 'ಹಾರ್ವೀ' ಚಿತ್ರದ ಜೋಸೆಫೀನ್ ಹಲ್ ಗೆದ್ದಳು. 'ಪಿಕಪ್'ನ ವರ್ಷ ಗೆದ್ದವಳು 'ಫ್ರಮ್ ಹಿಯರ್ ಟು ಎಟರ್ನಿಟಿ'ಯ ಡೊನ್ನಾ ರೀಡ್. ಆಕೆಯ ಅಭಿನಯವನ್ನು ನಾನು ಹಗುರ ಮಾಡುವುದಿಲ್ಲ, ಆದರೂ ಆ ವರ್ಷದ ಪ್ರಶಸ್ತಿ ಮೋಗೆ ಸಲ್ಲಬೇಕಿತ್ತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. 1955ರ ಆಸ್ಕರ್ ಸಮಾರಂಭ ಎರಡು ಊರುಗಳಲ್ಲಿ ಒಟ್ಟಿಗೆ ನಡೆದಾಗ, ಹಾಲಿವುಡ್‌ನಲ್ಲಿ ಬಾಬ್ ಹೋಪ್, ನ್ಯೂಯಾರ್ಕಿನಲ್ಲಿ ಥೆಲ್ಮಾ ರಿಟ್ಟರ್ ನಿರೂಪಕರಾಗಿದ್ದರು. ವೇದಿಕೆ ನಡೆಸಿಕೊಟ್ಟಳು, ಪ್ರತಿಮೆ ಮಾತ್ರ ಮನೆಗೆ ಬರಲಿಲ್ಲ.

ಈ ಪಟ್ಟಿಯಲ್ಲಿ 'ದ ಮೇಟಿಂಗ್ ಸೀಸನ್' (1951) ಒಂದು ವಿಚಿತ್ರ. ಹ್ಯಾಂಬರ್ಗರ್ ಅಂಗಡಿ ಇಟ್ಟುಕೊಂಡಿದ್ದ ತಾಯಿ, ಶ್ರೀಮಂತರ ಮನೆಯ ಹುಡುಗಿಯನ್ನು ಮದುವೆಯಾದ ಮಗನನ್ನು ನೋಡಲು ಬರುತ್ತಾಳೆ. ಸೊಸೆ ಆಕೆಯನ್ನು ಔತಣಕ್ಕೆ ಬಂದ ಅಡುಗೆಯವಳು ಎಂದುಕೊಳ್ಳುತ್ತಾಳೆ. ಅತ್ತೆ ತಿದ್ದುವುದಿಲ್ಲ, ಸೆರಗು ಬಿಗಿದ ಹಾಗೆ ಅಡುಗೆಮನೆ ಹೊಕ್ಕು ಅಲ್ಲೇ ಉಳಿಯುತ್ತಾಳೆ. ಕತೆಯೇ ಅವಳದು, ಚಿತ್ರ ನಡೆಯುವುದೇ ಅವಳಿಂದ. ಆದರೂ ಪೋಸ್ಟರಿನಲ್ಲಿ ಮೊದಲ ಹೆಸರು ಜೀನ್ ಟಿಯರ್ನಿಯದು. ಥೆಲ್ಮಾ ಪೋಷಕ ನಟಿಯಾಗಿಯೇ ಉಳಿದಳು. ನಡುವಯಸ್ಸು ದಾಟಿದ, ರೂಪಸಿಯಲ್ಲದ ಹೆಂಗಸೊಬ್ಬಳು ಚಿತ್ರವನ್ನು ಹೊತ್ತು ನಡೆಸಬಹುದು ಎಂದು ಒಪ್ಪಿಕೊಳ್ಳುವ ಧೈರ್ಯ ಸ್ಟುಡಿಯೋಗಳಿಗೆ ಇರಲಿಲ್ಲ. 1955ರಲ್ಲಿ ಪ್ಯಾಡಿ ಚಯೆಫ್‌ಸ್ಕಿ ಬರೆದ 'ದ ಕೇಟರ್ಡ್ ಅಫೇರ್' ಎಂಬ ದೂರದರ್ಶನ ನಾಟಕದಲ್ಲಿ ಟ್ಯಾಕ್ಸಿ ಚಾಲಕನ ಹೆಂಡತಿಯ ಮುಖ್ಯ ಪಾತ್ರ ಮಾಡಿದ್ದು ಥೆಲ್ಮಾ. ಮರುವರ್ಷ ಅದು ಸಿನಿಮಾ ಆದಾಗ ಆ ಪಾತ್ರ ಬೆಟ್ಟಿ ಡೇವಿಸ್ ಪಾಲಾಯಿತು.

ರಂಗಭೂಮಿ ಇಷ್ಟು ಕಂಜೂಸಿ ಮಾಡಲಿಲ್ಲ. ಯೂಜೀನ್ ಓನೀಲ್‌ನ 'ಅನ್ನಾ ಕ್ರಿಸ್ಟಿ' ನಾಟಕವನ್ನು ಆಧರಿಸಿದ 'ನ್ಯೂ ಗರ್ಲ್ ಇನ್ ಟೌನ್' ಎಂಬ ಸಂಗೀತ ನಾಟಕ 1957ರಲ್ಲಿ ಬ್ರಾಡ್‌ವೇಗೆ ಬಂತು. ಅದರ ನಾಯಕಿ ಗ್ವೆನ್ ವರ್ಡನ್ ಮತ್ತು ಥೆಲ್ಮಾ ಇಬ್ಬರಿಗೂ ಸಮನಾಗಿ ಟೋನಿ ಪ್ರಶಸ್ತಿ ಬಂತು, ಅದೂ ಪ್ರಧಾನ ನಟಿಯ ವಿಭಾಗದಲ್ಲಿ.

ಆಕೆ ಬರೀ ಚುರುಕು ನಾಲಿಗೆಯ ಮನೆಗೆಲಸದಾಕೆ ಎಂದುಕೊಂಡವರು 'ಬರ್ಡ್‌ಮನ್ ಆಫ್ ಆಲ್ಕಟ್ರಾಜ್' ನೋಡಬೇಕು. ಬರ್ಟ್ ಲ್ಯಾಂಕಾಸ್ಟರ್ ಜೈಲಿನಲ್ಲಿ ಹಕ್ಕಿ ಸಾಕುವ ಕೊಲೆಗಾರ ರಾಬರ್ಟ್ ಸ್ಟ್ರೌಡ್. ಥೆಲ್ಮಾ ಅವನ ತಾಯಿ. ಮಗನನ್ನು ನೇಣಿನಿಂದ ತಪ್ಪಿಸಲು ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷರ ಪತ್ನಿಯನ್ನು ಬೇಡುವವಳು. ಅದೇ ಮಗ ಜೈಲಿನಲ್ಲಿದ್ದೇ ಮದುವೆಯಾದಾಗ ಅವನ ವಿರುದ್ಧವೇ ತಿರುಗಿಬೀಳುವವಳು. ಹಾಸ್ಯವಿಲ್ಲ, ಬೆಚ್ಚನೆಯ ಗದರಿಕೆಯಿಲ್ಲ. ಬಿಗಿಹಿಡಿದ ತುಟಿ, ಮಗ ತನ್ನೊಬ್ಬಳಿಗೇ ಸೇರಿದವನೆಂಬ ಪ್ರೀತಿ. ನೋಡುವಾಗ ಮೈ ಜುಮ್ಮೆನ್ನುತ್ತದೆ.

ಕೊನೆಯ ಚಿತ್ರ 1968ರಲ್ಲಿ, ಮೊದಲ ಚಿತ್ರದ ಅದೇ ಜಾರ್ಜ್ ಸೀಟನ್ ನಿರ್ದೇಶನದಲ್ಲಿ. 1969ರ ಫೆಬ್ರವರಿ 5ರಂದು ಹೃದಯಾಘಾತದಿಂದ ನ್ಯೂಯಾರ್ಕಿನಲ್ಲೇ ತೀರಿಕೊಂಡಳು. 67 ತುಂಬಲು ಒಂಬತ್ತು ದಿನ ಬಾಕಿಯಿತ್ತು.

ಈಗ ನೀವು ಎಲ್ಲಿಂದ ಶುರುಮಾಡಬೇಕು? 'ರಿಯರ್ ವಿಂಡೋ'ದಿಂದ. ಕತೆ ಹಿಡಿದು ಕೂರಿಸುತ್ತದೆ, ಕಪ್ಪು ಬಿಳುಪು ಚಿತ್ರದ ಅಭ್ಯಾಸವಿಲ್ಲದವರಿಗೆ ಬಣ್ಣವೂ ಇದೆ. ಆಮೇಲೆ 'ಆಲ್ ಅಬೌಟ್ ಈವ್'. ಅದರಲ್ಲಿ ಮಾತು ಜಾಸ್ತಿ, ಬಿಡುವಾದ ಸಂಜೆ ಇಟ್ಟುಕೊಳ್ಳಿ. 'ಪಿಕಪ್ ಆನ್ ಸೌತ್ ಸ್ಟ್ರೀಟ್' ಮೂರನೆಯದಾಗಿರಲಿ. ಮೋಳನ್ನು ನೋಡುವ ಮೊದಲು ಬರ್ಡಿ, ಸ್ಟೆಲ್ಲಾ ಇಬ್ಬರ ಪರಿಚಯ ಆಗಿರುವುದು ಒಳ್ಳೆಯದು. 'ಪಿಲ್ಲೋ ಟಾಕ್' ಹಗುರವಾದ ಪ್ರೇಮಹಾಸ್ಯ, ಅದನ್ನು ಯಾವಾಗ ಬೇಕಾದರೂ ನೋಡಬಹುದು. ಆಕೆಯ ಬ್ರೂಕ್ಲಿನ್ ಉಚ್ಚಾರಣೆ ಮೊದಲಿಗೆ ಕಿವಿಗೆ ಸಿಗುವುದು ಕಷ್ಟ, ಮಾತಿನ ವೇಗವೂ ಹೆಚ್ಚು. ಮೊದಲ ಸಲ ಅಡಿಬರಹ ಹಾಕಿಕೊಂಡೇ ನೋಡಿ, ಸಂಕೋಚ ಬೇಡ. ಎರಡನೆಯ ಸಲ ಆಕೆ ಬರುವ ದೃಶ್ಯಗಳನ್ನಷ್ಟೇ ಅಡಿಬರಹ ತೆಗೆದು ನೋಡಿ. ಓದುವ ಕೆಲಸ ತಪ್ಪಿದ ಕಣ್ಣಿಗೆ ಆಗ ಆ ಕೈಗಳು ಕಾಣತೊಡಗುತ್ತವೆ.